ಒಸಡಿನ ಹುಳಕ್ಕೆ ಉಪವಾಸ

ರೇವಮ್ಮನನ್ನು ದಡ್ಡಿ ಎಂದು ನನ್ನ ಮುಂದೆ ಯಾರಾದರೂ ಅಂದರೆ ನಾನು ಅವರ ಜತೆ ಮಾತು ಬಿಡುತ್ತೇನೆ. ನಮ್ಮ ಶಾಲೆಯ ಒಬ್ಬ ಮಾಸ್ತರರ ಜತೆ ಈಗಾಗಲೇ ಬಿಟ್ಟಾಗಿದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಅವರು, ‘ಹಳ್ಳಿ ಹೆಂಗಸರ ಮೂಢನಂಬಿಕೆ ನೋಡ್ರಿ’ ಎಂದು ತಲೆಯಾಡಿಸಿದರು. ನಾನು ಕಪ್ಪು ಕೆಳಗಿಟ್ಟು ಎದ್ದು ಬಂದೆ. ರೇವಮ್ಮ ಮಾಡಿದ್ದು ಮೂಢನಂಬಿಕೆ ಅಲ್ಲ. ಡಾಕ್ಟರು ಹೇಳಿದ್ದನ್ನು ಕಿವಿಗೊಟ್ಟು ಕೇಳಿದಳು, ಯೋಚನೆ ಮಾಡಿದಳು, ತಾನು ಕಂಡದ್ದಕ್ಕೆ ತಾಳೆ ಹಾಕಿ ನೋಡಿದಳು, ಆಮೇಲೆ ಮಾಡಿದಳು. ಹಾಗೆಯೇ ಮಾಡಬೇಕು ಎಂದು ಆ ಮಾಸ್ತರರೇ ದಿನಾ ಮಕ್ಕಳಿಗೆ ಕಲಿಸುತ್ತಾರೆ.

ನಾನು ಅತನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಹೆಸರು ಗುರುಶಾಂತಮ್ಮ. ನನ್ನ ಮನೆಗೂ ರೇವಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಾನು ಹಾಸಿಗೆ ಬಿಟ್ಟು ಏಳುವುದು. ಐವತ್ತು ದಾಟಿದ ಹೆಂಗಸು, ಗಟ್ಟಿ ದನಿ, ಒಂದು ಮಾತು ಸಾಕಾಗುವ ಕಡೆ ನಾಲ್ಕು ಆಡುವವಳು. ಗಂಡ ಗುರಣ್ಣ ಅಷ್ಟೇ ಮೆತ್ತಗಿನ ಮನುಷ್ಯ. ಅವರ ತೊಗರಿ ಹೊಲದಲ್ಲಿ ಯಾವಾಗ ಬಿತ್ತಬೇಕು, ಯಾವಾಗ ಕಸ ತೆಗೆಯಬೇಕು, ಯಾವಾಗ ಔಷಧಿ ಹೊಡೆಯಬೇಕು ಎಂಬುದೆಲ್ಲ ರೇವಮ್ಮನ ತೀರ್ಮಾನವೇ. ‘ನಾ ಆಕಿ ಹೊಲದಾಗಿನ ಆಳು, ಪಗಾರ ಅಷ್ಟ ಇಲ್ಲ’ ಎಂದು ಗುರಣ್ಣ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. ಅವಳ ತೀರ್ಮಾನ ತಪ್ಪಿದ್ದು ಕಡಿಮೆ. ಪಕ್ಕದ ಹೊಲದವರೂ ಅವಳನ್ನು ಕೇಳಿಯೇ ಗೊಬ್ಬರ ಹಾಕುತ್ತಿದ್ದರು.

ಓಣಿಯ ಹೆಂಗಸರಿಗೆ ಅವಳು ಬೇಕಾಗಿದ್ದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಕಡೆ ಬಹಳ ಮಂದಿ ಹೆಂಗಸರಿಗೆ ಮಶೇರಿ ಬೇಕು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವುದು. ಅದಿಲ್ಲದೆ ಬೆಳಗಾಗುವುದಿಲ್ಲ, ಹೊಟ್ಟೆ ಸಾಫಾಗುವುದಿಲ್ಲ, ತಲೆ ನಿಲ್ಲುವುದಿಲ್ಲ. ರೇವಮ್ಮನ ಕೈಯ ಮಶೇರಿ ಅಂದರೆ ಬಲು ಹದ. ಯಾರದಾದರೂ ಒಸಡು ಬಾತು ನೋಯತೊಡಗಿದರೆ ಅವರು ಸೀದಾ ಅವಳ ಅಂಗಳಕ್ಕೆ ಬರುತ್ತಿದ್ದರು. ಅವಳು ಬಾಯಿ ತೆರೆಸಿ, ಹೆಬ್ಬೆರಳಿಗೆ ಮಶೇರಿ ಹಚ್ಚಿ, ಬಾತ ಜಾಗವನ್ನು ರಕ್ತ ಬರುವತನಕ ಒತ್ತಿ ತಿಕ್ಕುತ್ತಿದ್ದಳು. ‘ಕೆಟ್ಟ ರಕ್ತ ಅದ, ಹೋಗ್ಲಿ ಬಿಡು, ಉಗುಳು’ ಅನ್ನುತ್ತಿದ್ದಳು. ಉಗುಳಿದವರಿಗೆ ಹಗುರಾಗುತ್ತಿತ್ತು, ಬಾವು ಇಳಿಯುತ್ತಿತ್ತು. ಒಂದೆರಡು ವಾರದಲ್ಲಿ ಮತ್ತೆ ಬರುತ್ತಿತ್ತು, ಅವರೂ ಮತ್ತೆ ಬರುತ್ತಿದ್ದರು. ಇದಕ್ಕೆ ಅವಳು ಯಾರಿಂದಲೂ ಏನೂ ಮುಟ್ಟಿದವಳಲ್ಲ.

ಒಬ್ಬಳೇ ಮಗಳು ಶಿವಕಾಂತಾ. ಆಳಂದ ತಾಲೂಕಿನ ಮಟಕಿಗೆ ಕೊಟ್ಟಿದ್ದರು. ಅಳಿಯ ಪರಮೇಶ ಒಳ್ಳೆಯ ಹುಡುಗ, ಹೆಂಡತಿಯ ಮೇಲೆ ಜೀವ ಇಟ್ಟಿದ್ದ. ಮೊದಲ ಸಲ ಬಸಿರಾಗಿ ಮೂರು ತಿಂಗಳಿಗೇ ಹೋಗಿತ್ತು. ಎರಡನೆಯದು ನಿಂತಿತು. ಮಟಕಿಯಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಪದ್ಧತಿಯಂತೆ ಹೆರಿಗೆಗೆ ತವರಿಗೆ ಕಳಿಸಿಕೊಟ್ಟರು. ಪರಮೇಶ ಬಿಟ್ಟು ಹೋಗುವಾಗ ಅತ್ತೆಗೆ ಒಂದೇ ಮಾತು ಹೇಳಿದ: ‘ಅತ್ತಿ, ಕೂಸಿನ ಮಾತ ಆಮ್ಯಾಲ. ಮೊದಲ ಇಕಿನ್ನ ನನಗ ಹೆಂಗ ಕೊಟ್ಟಿದ್ರಿ, ಹಂಗ ತಿರುಗಿ ಕೊಡ್ರಿ.’ ರೇವಮ್ಮನಿಗೆ ಬೇಕಾಗಿದ್ದೂ ಅದೇ. ಮಗಳನ್ನು, ಕೂಸನ್ನು ಸುಖವಾಗಿ ಮಟಕಿಗೆ ಮುಟ್ಟಿಸಬೇಕು, ಅವಳ ಮನಸ್ಸಿನಲ್ಲಿ ಬೇರೆ ಇನ್ನೇನೂ ಇರಲಿಲ್ಲ.

ಶಿವಕಾಂತಾಳ ಒಸಡು ಆಗಲೇ ಬಾತಿತ್ತು. ಬಸುರಿ ಹೆಂಗಸರಿಗೆ ಹೀಗಾಗುವುದುಂಟಂತೆ, ಅದರಲ್ಲಿ ಇವಳೂ ಮದುವೆಗೆ ಮುಂಚಿನಿಂದ ಮಶೇರಿ ತಿಕ್ಕುವವಳು. ರೊಟ್ಟಿ ಕಚ್ಚಿದರೆ ರೊಟ್ಟಿಗೆ ರಕ್ತ ಹತ್ತುತ್ತಿತ್ತು. ರೇವಮ್ಮ ದಿನಾ ಮುಂಜಾನೆ ಮಗಳನ್ನು ಅಂಗಳದಲ್ಲಿ ಕೂಡಿಸಿಕೊಂಡು, ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡು, ಒಸಡು ತಿಕ್ಕುತ್ತಿದ್ದಳು. ‘ಯವ್ವಾ, ಸಾಕು ಬೇ, ಉರಿತದ’ ಎಂದು ಮಗಳು ಕೈ ಹಿಡಿದರೆ, ‘ಜರಾ ತಡಿಯವ್ವ, ಇನ್ನೊಂದೀಟು ಅದ’ ಎಂದು ಮುದ್ದು ಮಾಡಿ ಮತ್ತೆ ತಿಕ್ಕುತ್ತಿದ್ದಳು. ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿ ಕಲ್ಲಿನ ಮೇಲೆ ಹರಿಯುವುದನ್ನು ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ.

ಆ ತಿಂಗಳು ನಮ್ಮ ಶಾಲೆಯಲ್ಲಿ ಹಲ್ಲಿನ ತಪಾಸಣೆ ಶಿಬಿರ ಆಯಿತು. ಬಂದವರು ಹಫೀಜ ಎಂಬ ಡಾಕ್ಟರು, ಜೇವರ್ಗಿಯವರು, ಅಲ್ಲೇ ಸಣ್ಣ ದವಾಖಾನೆ ಇಟ್ಟುಕೊಂಡವರು. ಎಳೆ ವಯಸ್ಸು, ನಗುಮುಖ. ತಾಯಿ ಮಗಳು ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಶಿವಕಾಂತಾಳ ಬಾಯಿ ನೋಡಿದರು, ಹಲ್ಲಿನ ಬುಡಕ್ಕೆ ಕಟ್ಟಿದ ಕಿಟ್ಟವನ್ನು ನಿಧಾನಕ್ಕೆ ತೆಗೆದರು. ಮಶೇರಿಯ ವಾಸನೆ ಅವರಿಗೆ ಗೊತ್ತಾಯಿತು. ಯಾರು ಹೀಗೆ ತಿಕ್ಕುವುದು ಎಂದು ಕೇಳಿದರು. ರೇವಮ್ಮ ಎದೆ ಮುಂದೆ ಮಾಡಿ, ‘ನಾನ ರಿ’ ಅಂದಳು.

ಬೈಯುತ್ತಾರೆ ಅಂದುಕೊಂಡೆ. ಹಫೀಜ ಡಾಕ್ಟರು ಬೈಯಲಿಲ್ಲ, ಹೆಂಗಸರನ್ನೆಲ್ಲ ಹತ್ತಿರ ಕೂಡಿಸಿಕೊಂಡರು.

‘ಅಮ್ಮಾ, ರಕ್ತ ಯಾಕ ಕೆಂಪ ಇರ್ತದ ಗೊತ್ತೇನ್ರಿ? ಅದರಾಗ ಕಬ್ಬಿಣ ಅದ. ಒಸಡಿನ್ಯಾಗ ಕುಂತಿರೋ ಈ ಹುಳ ಕಣ್ಣಿಗಿ ಕಾಣಂಗಿಲ್ಲ, ಆದ್ರ ಅದಕ್ಕ ಆ ಕಬ್ಬಿಣ ಬೇಕೇ ಬೇಕು. ಅದಿಲ್ಲಂದ್ರ ಅದು ಬೆಳೆಯಂಗಿಲ್ಲ. ನಮ್ಮ ಮೈಗೂ ಇದು ಗೊತ್ತದ. ಅದಕ್ಕ ಮೈ ಏನ ಮಾಡ್ತದ, ಕಬ್ಬಿಣ ಎಲ್ಲೂ ಬಿಡಿಯಾಗಿ ಸಿಗದಂಗ ರಕ್ತದ ಕಣದಾಗ ಮುಚ್ಚಿ ಇಡ್ತದ.’

‘ಮತ್ತ ಹುಳಕ್ಕ ಹ್ಯಾಂಗ ಸಿಗ್ತದ್ರಿ?’ ಎಂದು ಕೇಳಿದವಳು ರೇವಮ್ಮನೇ.

‘ಬೇಷ್ ಕೇಳಿದ್ರಿ. ತೊಗರಿ ಕಾಯಿಗಿ ಬೀಳೋ ಹುಳ ನೋಡೀರಲ್ಲ? ಸಿಪ್ಪಿ ತೂತ ಮಾಡಿ ಒಳಗಿನ ಕಾಳ ಅಷ್ಟ ತಿಂತದ. ಇದೂ ಹಂಗ. ಇದರ ಹತ್ರ ಕತ್ತರಿಯಂಥ ರಸ ಅದ. ಮೊದಲ ಒಸಡಿನ ನರ ಕತ್ತರಿಸಿ ರಕ್ತ ಬರಸ್ತದ. ಆಮ್ಯಾಲ ರಕ್ತದ ಕಣ ಒಡಿತದ. ಅದರ ಒಳಗ ಕಬ್ಬಿಣ ಹಿಡ್ಕೊಂಡಿರೋ ಗಂಟು ಇರ್ತದ, ಅದನ್ನೂ ಚೂರ ಚೂರ ಮಾಡಿ, ಕಬ್ಬಿಣ ಇದ್ದ ತುಂಡ ಅಷ್ಟ ಕೊಂಡಿ ಹಾಕಿ ಎಳ್ಕೊಂತದ. ನೀವ್ ತಿಕ್ಕಿ ತಿಕ್ಕಿ ರಕ್ತ ತೆಗೀತೀರಲ್ಲ, ಅದು ಕೆಟ್ಟ ರಕ್ತ ಅಲ್ರಿ ಅಮ್ಮಾ. ಒಳ್ಳೇ ರಕ್ತಾನೇ. ತೆಗೆದಷ್ಟೂ ಆ ಹುಳಕ್ಕ ಊಟ.’

ರೇವಮ್ಮನ ಮುಖ ನೋಡುವಂತಿರಲಿಲ್ಲ. ಇಷ್ಟು ವರ್ಷ ಓಣಿಯ ಹೆಂಗಸರ ಬಾಯಿಗೆ ಬೆರಳಿಟ್ಟು ತಾನು ಮಾಡುತ್ತ ಬಂದದ್ದು ಇದೋ ಎಂದು ಅವಳಿಗೆ ನಾಚಿಕೆಯಾಯಿತು. ಅಂಥವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ‘ಇವನಿಗೇನು ಗೊತ್ತು, ನಿನ್ನೆ ಮೊನ್ನೆಯ ಹುಡುಗ’ ಎಂದು ಸೆರಗು ಕೊಡವಿ ಎದ್ದು ಹೋಗುತ್ತಾರೆ. ಅವಳು ಹಾಗೆ ಮಾಡಲಿಲ್ಲ. ಮನೆಗೆ ಬಂದವಳೇ ಮಶೇರಿಯ ಡಬ್ಬಿಯನ್ನು ತಿಪ್ಪೆಗೆ ಸುರುವಿದಳು. ಮಗಳಿಗೆ ಬಿಡಿಸಿದಳು, ತಾನೂ ಬಿಟ್ಟಳು. ತಲೆನೋವು ಬಂದು, ಸಿಡುಕು ಹೆಚ್ಚಾಗಿ, ಗುರಣ್ಣನ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದಳು, ಆದರೆ ಮತ್ತೆ ಮುಟ್ಟಲಿಲ್ಲ. ಅಫಜಲಪುರದಿಂದ ಮೆತ್ತನೆಯ ಬ್ರಷ್ ತರಿಸಿ ದಿನಕ್ಕೆರಡು ಸಲ ಮಗಳ ಮುಂದೆ ನಿಂತು ಹಲ್ಲುಜ್ಜಿಸಿದಳು. ಅವಳ ಬಗ್ಗೆ ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದರೆ ತರಗತಿಯಲ್ಲೂ ಹೇಳಿಕೊಂಡೆ.

ಆದರೆ ಅವಳ ಯೋಚನೆ ಅಲ್ಲಿಗೆ ನಿಂತಿರಲಿಲ್ಲ. ಆ ದಿನ ಅವಳು ಇನ್ನೊಂದು ತೀರ್ಮಾನ ಮಾಡಿದ್ದಳು, ಅದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಅವಳ ಬಾಯಿಂದಲೇ.

ಶಿವಕಾಂತಾ ಮಟಕಿಯಿಂದ ಬರುವಾಗ ರಕ್ತದ ಗುಳಗಿ ತಂದಿದ್ದಳು. ಬಸುರಿಯರಿಗೆಲ್ಲ ಸರಕಾರದಿಂದ ಕೊಡುವ ಕೆಂಪು ಗುಳಗಿ. ಅದರಲ್ಲಿರುವುದು ಕಬ್ಬಿಣ ಎಂದು ಆಶಾ ಕಾರ್ಯಕರ್ತೆ ಮೆಹರಾಜಬೇಗಂ ಮನೆಮನೆಗೆ ಬಂದು ಹೇಳಿದ್ದಳು. ರೇವಮ್ಮ ಎರಡನ್ನೂ ಕೂಡಿಸಿದಳು. ಹುಳಕ್ಕೆ ಬೇಕಾದದ್ದು ಕಬ್ಬಿಣ. ಗುಳಗಿಯಲ್ಲಿ ಇರುವುದು ಕಬ್ಬಿಣ. ಕಸ ತುಂಬಿದ ಹೊಲಕ್ಕೆ ಗೊಬ್ಬರ ಹಾಕಿದರೆ ಬೆಳೆಗಿಂತ ಮೊದಲು ಕಸವೇ ಉಂಡು ಎದೆಯೆತ್ತರ ಬೆಳೆಯುತ್ತದೆ ಎಂಬುದನ್ನು ಅವಳು ಮೂವತ್ತು ಮಳೆಗಾಲದಲ್ಲಿ ಕಣ್ಣಾರೆ ಕಂಡಿದ್ದಳು. ಮೊದಲು ಕಸ ತೆಗೆಯಬೇಕು, ಆಮೇಲೆ ಗೊಬ್ಬರ. ಮೊದಲು ಹುಳ ಉಪವಾಸ ಬಿದ್ದು ಸಾಯಲಿ, ಆಮೇಲೆ ಗುಳಗಿ. ಗುಳಗಿಯ ಜತೆ ರಕ್ತ ಹೆಚ್ಚಿಸುವ ಬೆಲ್ಲ, ಖಜೂರ, ಮೆಂತೆ ಪಲ್ಲೆ ಎಲ್ಲವನ್ನೂ ಬಿಡಿಸಿದಳು. ಅದರ ಬದಲು ಹಾಲು, ತುಪ್ಪ, ಅನ್ನ. ಮಗಳಿಗೆ ಒಂದು ದಿನವೂ ಹೊಟ್ಟೆ ಹಸಿಯಗೊಡಲಿಲ್ಲ.

ಒಸಡು ಸುಧಾರಿಸಿತು. ಅದೇ ನಮ್ಮ ಕರ್ಮ. ತಿಕ್ಕುವುದು ನಿಂತದ್ದಕ್ಕೆ, ಕಿಟ್ಟ ತೆಗೆಸಿದ್ದಕ್ಕೆ, ಬ್ರಷ್ ಮಾಡಿದ್ದಕ್ಕೆ ಬಾವು ಇಳಿಯಿತು, ರಕ್ತ ನಿಂತಿತು. ರೇವಮ್ಮ ಮಾತ್ರ ಹುಳ ಉಪವಾಸಕ್ಕೆ ಸತ್ತಿತು ಎಂದುಕೊಂಡಳು. ಒಂದು ದಿನ ಗೋಡೆಯ ಆಚೆಯಿಂದ ನನ್ನನ್ನು ಕೂಗಿ ಕರೆದಳು. ‘ಅಕ್ಕೋರ, ಬರ್ರಿಲ್ಲಿ, ನಮ್ಮ ಶಿವಿ ಒಸಡು ನೋಡ್ರಿ. ಹ್ಯಾಂಗ ಕೆಂಪಗ ಇದ್ವು, ಈಗ ನೋಡ್ರಿ.’ ಮಗಳ ತುಟಿ ಸರಿಸಿ ತೋರಿಸಿದಳು. ಒಸಡು ಬೆಳ್ಳಗಿತ್ತು. ‘ಭಾಳ ಬೇಷಾಗ್ಯಾವ’ ಎಂದು ನಾನೂ ಸಂತೋಷಪಟ್ಟೆ. ಕೆಂಪು ಬಾವು ಹೋಗುವುದು ಬೇರೆ, ರಕ್ತವಿಲ್ಲದೆ ಬಿಳಿಚುವುದು ಬೇರೆ ಎಂದು ಅಂಗಳದಲ್ಲಿ ನಿಂತ ನಮ್ಮ ಮೂವರಲ್ಲಿ ಯಾರಿಗೂ ತಿಳಿಯಲಿಲ್ಲ.

ಶಿವಕಾಂತಾ ಕೂತಲ್ಲೇ ನಿದ್ದೆ ಹೋಗತೊಡಗಿದಳು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹಿತ್ತಲಿನ ಮಣ್ಣಿನ ಗೋಡೆಯನ್ನು ಉಗುರಿನಿಂದ ಕೆರೆದು ಕೆರೆದು ತಿನ್ನುತ್ತಿದ್ದಳು. ಬಸುರಿ ಹೆಣ್ಣು ಮಣ್ಣು ತಿನ್ನುವುದು ಹೊಸದೇ ಎಂದು ಓಣಿಯವರೆಲ್ಲ ನಕ್ಕರು. ಮೆಹರಾಜಬೇಗಂ ನಗಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

‘ಗುಳಗಿ ತಗೊಳ್ಳಾಕತ್ತೀ ಇಲ್ಲ ಬೇ?’

ಶಿವಕಾಂತಾ ತಾಯಿಯ ಮುಖ ನೋಡಿದಳು.

‘ತಗೊಳ್ಳಾಕತ್ಯಾಳ’ ಅಂದಳು ರೇವಮ್ಮ.

‘ಹಂಗಾದ್ರ ರಕ್ತ ಯಾಕ ಏರವಲ್ದು? ಅಫಜಲಪುರ ದವಾಖಾನಿಗಿ ಕರ್ಕೊಂಡ ಬರ್ರಿ ರೇವಮ್ಮಾ. ಕಬ್ಬಿಣದ್ದು ಸಲಾಯಿನ್ ಹಚ್ತಾರ, ಸೀದಾ ನರಕ್ಕ. ಜಲ್ದಿ ಏರ್ತದ.’

ಬಾಯಿಂದ ನುಂಗುವ ಗುಳಗಿಗೇ ಹೆದರಿದ ರೇವಮ್ಮ, ನರಕ್ಕೆ ಸೀದಾ ಕಬ್ಬಿಣ ಹರಿಸುತ್ತಾರೆಂದರೆ ಒಪ್ಪುತ್ತಾಳೆಯೇ? ಈಗಷ್ಟೇ ಸತ್ತ ಹುಳ ಮತ್ತೆ ಎದ್ದು ಕೂಡುತ್ತದೆ. ‘ಅಮಾಸಿ ಕಳೀಲವ್ವ, ಬರ್ತೇವಿ’ ಎಂದು ಸಾಗಹಾಕಿದಳು. ಮೆಹರಾಜಬೇಗಂ ಇನ್ನೂ ಎರಡು ಸಲ ಬಂದಳು, ಜಗಳವನ್ನೇ ಆಡಿದಳು. ರೇವಮ್ಮ ಎಲ್ಲದಕ್ಕೂ ಹ್ಞೂಂಗುಟ್ಟಿದಳು. ಒಂಬತ್ತು ತುಂಬಿದ ಮೇಲೆ ಗುಳಗಿ ಶುರು ಮಾಡೋಣ, ಆಗ ಒಸಡು ಪೂರಾ ಗಟ್ಟಿಯಾಗಿರುತ್ತದೆ ಎಂದು ಅವಳ ಎಣಿಕೆ.

ಒಂಬತ್ತು ತುಂಬುವ ಮೊದಲೇ ನೋವು ಬಂತು. ಬೆಳಿಗ್ಗೆ ಅಫಜಲಪುರ, ಅಲ್ಲಿಂದ ಹಾಗೇ ಕಲಬುರ್ಗಿ. ಜೀಪಿನಲ್ಲಿ ನಾನೂ ಇದ್ದೆ. ಶಿವಕಾಂತಾ ನನ್ನ ಕೈ ಹಿಡಿದಿದ್ದಳು, ಅವಳ ಅಂಗೈ ಹಾಲಿನಷ್ಟು ಬೆಳ್ಳಗಿತ್ತು, ತಣ್ಣಗಿತ್ತು. ಮಟಕಿಯಿಂದ ಪರಮೇಶ ಬೈಕಿನ ಮೇಲೆ ನಮಗಿಂತ ಮೊದಲೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಷ್ಟು. ಅತ್ತಿತು. ನಾವು ಉಸಿರು ಬಿಟ್ಟೆವು.

ಆಮೇಲೆ ರಕ್ತ ನಿಲ್ಲಲಿಲ್ಲ. ಪರಮೇಶ ರಕ್ತ ಕೊಟ್ಟ, ಅವನ ಗೆಳೆಯರು ಕೊಟ್ಟರು, ಬಾಟಲಿ ತರಲು ಗುರಣ್ಣ ಬರಿಗಾಲಲ್ಲಿ ಓಡಿದ. ಒಳಗಿನಿಂದ ಬಂದ ಡಾಕ್ಟರಮ್ಮ ಗೋಡೆಗೆ ಒರಗಿ ನಿಂತರು. ‘ಹೆರಿಗೆಯಾದಾಗ ರಕ್ತ ಎಲ್ಲಾರಿಗೂ ಹೋಗ್ತದ್ರಿ. ಬ್ಯಾರೆಯವರು ಆಗಿದ್ರ ತಡಕೊಂತಿದ್ರು. ಈಕಿ ಮೈಯಾಗ ಹೋಗಾಕ ರಕ್ತಾನೇ ಇರಲಿಲ್ಲ’ ಎಂದರು. ಮತ್ತೆ ಕೇಳಿದರು: ‘ಗುಳಗಿ ತಗೊಂಡಿದ್ಳೇನು?’

ಪರಮೇಶ ಅತ್ತೆಯ ಕಡೆ ತಿರುಗಿದ.

‘ಹ್ಞೂಂ ರಿ’ ಅಂದಳು ರೇವಮ್ಮ. ‘ದಿನಾ ತಗೊಂಡಾಳ.’

ಸಂಜೆಯಾಗುವುದರೊಳಗೆ ಶಿವಕಾಂತಾ ಹೋದಳು.

ಮಣ್ಣು ಮಾಡಿದ್ದು ಮಟಕಿಯಲ್ಲಿ. ಅದನ್ನು ನಾನು ಬರೆಯಲಾರೆ. ರೇವಮ್ಮ ಅಳಲಿಲ್ಲ. ಎಲ್ಲರೂ ಅವಳನ್ನು ಅಳಿಸಲು ನೋಡಿದರು, ಬೆನ್ನಿಗೆ ಗುದ್ದಿದರು, ಮಗಳ ಹೆಸರು ಕೂಗಿ ಕೂಗಿ ಅತ್ತರು. ಅವಳು ಕೂಸನ್ನು ಹಿಡಿದುಕೊಂಡು ಕಂಬಕ್ಕೆ ಆತು ಕುಳಿತೇ ಇದ್ದಳು. ಪರಮೇಶನ ತಾಯಿ ನಾಗರತ್ನಾಗೆ ಮಂಡಿನೋವು, ಎಳೆಗೂಸು ಅವರ ಕೈಯಲ್ಲಿ ಆಗುವ ಮಾತಲ್ಲ. ಕೂಸು ಅತನೂರಿನಲ್ಲೇ ಬೆಳೆಯಲಿ ಎಂದು ಹಿರಿಯರು ಮಾತಾಡಿದರು. ಪರಮೇಶ ಅದಕ್ಕೆ ಸೃಷ್ಟಿ ಎಂದು ಹೆಸರಿಟ್ಟ. ಪ್ರತಿ ಅಮಾವಾಸ್ಯೆಗೆ ಬಂದು, ಮಗಳನ್ನು ಎತ್ತಿಕೊಂಡು ಓಣಿಯ ತುಂಬ ತಿರುಗಾಡಿ, ಹೋಗುತ್ತಿದ್ದ.

ಕೆಲವು ತಿಂಗಳಾದ ಮೇಲೆ ರೇವಮ್ಮ, ‘ಅಕ್ಕೋರ, ನನಗ ಹಲ್ಲ ನೋಯ್ತದ, ಜೇವರ್ಗಿ ತನಕ ಬರ್ತೀರೇನು?’ ಎಂದು ಕೇಳಿದಳು. ಮೊಮ್ಮಗಳನ್ನು ಕಟ್ಟಿಕೊಂಡೇ ಬಸ್ಸು ಹತ್ತಿದಳು. ಹಫೀಜ ಡಾಕ್ಟರು ಬಾಯಿ ನೋಡಿದರು, ನೋವಿನ ಹಲ್ಲು ಯಾವುದೂ ಕಾಣಲಿಲ್ಲ. ರೇವಮ್ಮ ಕುರ್ಚಿಯಲ್ಲಿ ಮಲಗಿಕೊಂಡೇ ಕೇಳಿದಳು.

‘ಒಸಡಿನ ಹುಳಕ್ಕ ಕಬ್ಬಿಣ ಬೇಕಂತ ಅವತ್ತ ಹೇಳಿದ್ರಿ. ಮನಷಾ ರಕ್ತದ ಗುಳಗಿ ಬಿಟ್ರ ಹುಳ ಸಾಯ್ತದೇನ್ರಿ?’

ಡಾಕ್ಟರು ನಕ್ಕರು. ‘ಇಲ್ಲಮ್ಮಾ. ಆ ಹುಳಕ್ಕ ಬೇಕಾಗೋದು ಅಗದಿ ಚೂರು. ಮನಷಾನ ಮೈಯಾಗ ಕೊನೀ ಹನಿ ರಕ್ತ ಇರೂ ತನಕ ಅದಕ್ಕ ಸಾಲ್ತದ. ಗುಳಗಿ ಬಿಟ್ರ ಮೊದಲ ಸಾಯಾಂವ ಮನಷಾನೇ. ಯಾಕ, ಯಾರರೇ ಬಿಟ್ಟಾರೇನು?’

‘ಇಲ್ರಿ. ಸುಮ್ನ ಕೇಳಿದೆ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅಂದೂ ಇರಲಿಲ್ಲ. ಗುಳಗಿಯ ಮಾತು ಅಂದು ಯಾರೂ ಎತ್ತಿರಲಿಲ್ಲ, ಅಷ್ಟೆ. ಅವಳು ಯಾಕೆ ಕೇಳಿದಳೆಂದು ನನಗೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಹಲ್ಲುನೋವು ಎಂದೇ ತಿಳಿದೆ.

ಕೂಸಿನ ಮೈಯಲ್ಲೂ ರಕ್ತ ಕಡಿಮೆ ಇತ್ತು. ತಾಯಿಯಲ್ಲಿ ಇಲ್ಲದ್ದು ಮಗುವಿಗೆ ಎಲ್ಲಿಂದ ಬರಬೇಕು? ಮಕ್ಕಳ ಡಾಕ್ಟರು ಕಬ್ಬಿಣದ ಔಷಧಿ ಬರೆದುಕೊಟ್ಟರು, ದಿನಾ ಒಂದಿಷ್ಟು ಹನಿ. ರೇವಮ್ಮ ಅದನ್ನು ತಪ್ಪಿಸಿದ್ದನ್ನು ನಾನು ಕಾಣೆ. ಕೂಸು ಮುಖ ಕಿವುಚಿ ಉಗುಳಿದರೆ ಮತ್ತೆ ಹಾಕುತ್ತಿದ್ದಳು. ಮದುವೆಗೆ ಹೋದರೂ ಬಾಟಲಿ ಅವಳ ಚೀಲದಲ್ಲಿರುತ್ತಿತ್ತು. ಕೆಳಗಿನ ಎರಡು ಹಲ್ಲು ಬಂದಾಗ ಅವು ಕರ್ರಗೆ ಬಣ್ಣ ಹಿಡಿದವು. ಔಷಧಿಯ ಕಲೆ, ಆಮೇಲೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಸೃಷ್ಟಿಯ ಜವಳದ ಕೂದಲು ತೆಗೆಸಲು ಕರೆದೊಯ್ಯುತ್ತೇವೆ, ಮುಂದೆ ಎರಡು ಮೂರು ತಿಂಗಳು ಮಟಕಿಯಲ್ಲೇ ಇರಲಿ ಎಂದು ಒಂದು ರವಿವಾರ ಪರಮೇಶ ತಾಯಿಯನ್ನೂ ಕರೆದುಕೊಂಡು ಬಂದ. ನನ್ನನ್ನೂ ಊಟಕ್ಕೆ ಕರೆದಿದ್ದರು. ರೇವಮ್ಮ ಕೂಸಿನ ಬಟ್ಟೆಬರೆ ಕಟ್ಟಿ, ಮೇಲೆ ಔಷಧಿಯ ಬಾಟಲಿ ಇಟ್ಟಳು. ನಾಗರತ್ನಾ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಾಯಿ ನೋಡಿದರು.

‘ಅಯ್ಯ ಶಿವನೇ, ಹೆಣ್ಣ ಕೂಸಿನ ಹಲ್ಲ ಹಿಂಗ ಕರ್ರಗ! ಏನ ಹಾಕಾಕತ್ತೀರಿ ಬೀಗತ್ಯಾರೇ?’

‘ರಕ್ತದ ಔಷಧಿ ರಿ. ಕಲಿ ಹೋಗ್ತದಂತ.’

ಪರಮೇಶ ಬಾಟಲಿ ಎತ್ತಿ ನೋಡಿ, ಗಂಟಿನಿಂದ ತೆಗೆದು ಕಿಟಕಿಯಲ್ಲಿಟ್ಟ. ‘ಬ್ಯಾಡ ಬಿಡ್ರಿ ಅತ್ತಿ. ಅದರ ಅವ್ವನೂ ದಿನಾ ಗುಳಗಿ ನುಂಗಿದ್ಳು. ಏನಾತು? ಮೈಯಾಗ ರಕ್ತಾನೇ ಇಲ್ಲಂದ್ರು. ಈ ಔಷಧಿ ಮ್ಯಾಲ ನನಗ ಭರೋಸಾ ಇಲ್ಲ. ನನ್ನ ಮಗಳಿಗಿ ನಾ ಇದು ಹಾಕಂಗಿಲ್ಲ.’

ನಿಜ ಏನೆಂದು ಗುರಣ್ಣನಿಗೂ ಗೊತ್ತಿರಲಿಲ್ಲ. ರೇವಮ್ಮ ಬಾಟಲಿ ತೆಗೆದು ಮತ್ತೆ ಗಂಟಿನಲ್ಲಿಟ್ಟಳು. ಪರಮೇಶ ಮತ್ತೆ ತೆಗೆದ, ಈ ಸಲ ಸ್ವಲ್ಪ ಸಿಟ್ಟಿನಿಂದ. ಆಗ ಅವಳು ಅವನ ಮುಂದೆ ನೆಲದ ಮೇಲೆ ಕುಳಿತಳು.

‘ಅಳ್ಯಾರ, ನಿಮ್ಮ ಹೆಂಡ್ತಿ ಗುಳಗಿ ನುಂಗಿಲ್ರಿ. ಇಲ್ಲಿಗಿ ಬಂದ ಮ್ಯಾಲ ಒಂದೂ ನುಂಗಿಲ್ಲ. ನಾನ ಬಿಡಿಸೀನಿ.’

ಅವಳೇ ಹೇಳಿದಳು. ಹುಳ, ಕಬ್ಬಿಣ, ಹೊಲದ ಕಸ, ಗೊಬ್ಬರ, ಮೆಹರಾಜಬೇಗಂಗೆ ಹೇಳಿದ ಸುಳ್ಳು, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಕ್ಷಮೆ ಕೇಳಲಿಲ್ಲ, ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದಿದ್ದರೆ ಸಾಯುವತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೇವರ್ಗಿಯ ಆ ಕುರ್ಚಿ, ಬಾಯಿಗೆ ತುರುಕಿಕೊಂಡ ಸೆರಗು, ಎಲ್ಲ ಆಗ ಅರ್ಥವಾಯಿತು.

‘ಔಷಧಿ ತಗೊಂಡು ಆಕಿ ಸತ್ತಿಲ್ಲ. ತಗೊಳ್ಳಾರದಕ್ಕ ಸತ್ತಾಳ. ನನ್ನ ಏನ ಬೇಕಾದ್ದು ಮಾಡ್ರಿ. ಕೂಸಿಗಿ ಅದು ತಪ್ಪಿಸಬ್ಯಾಡ್ರಿ’ ಎಂದು ಮುಗಿಸಿದಳು.

ನಾಗರತ್ನಾ ಎದೆ ಬಡಿದುಕೊಂಡು ಶಾಪ ಹಾಕಿದರು. ಪರಮೇಶ ಹಾಕಲಿಲ್ಲ. ಮಗಳನ್ನು ಎತ್ತಿಕೊಂಡ, ಗಂಟು ಹೆಗಲಿಗೆ ಹಾಕಿಕೊಂಡ, ಬಾಟಲಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೊರಟ. ಅದನ್ನು ಹಾಕುತ್ತಾನೋ, ದಾರಿಯಲ್ಲಿ ಎಸೆಯುತ್ತಾನೋ ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಬಾಗಿಲಲ್ಲಿ ಕೂಸು ಅಜ್ಜಿಯ ಕಡೆ ಕೈ ಚಾಚಿ ಅತ್ತಿತು. ರೇವಮ್ಮ ಏಳಲಿಲ್ಲ.

ಎರಡು ಮೂರು ತಿಂಗಳು ಕಳೆದವು, ಕೂಸು ತಿರುಗಿ ಬರಲಿಲ್ಲ. ಗುರಣ್ಣ ಮಟಕಿಗೆ ಹೋದ. ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರಂತೆ. ಫೋನು ಎತ್ತುವುದಿಲ್ಲ. ಓಣಿಯ ಹೆಂಗಸರು ರೇವಮ್ಮನ ಅಂಗಳಕ್ಕೆ ಬರುವುದು ಬಿಟ್ಟರು, ಹೊಲದ ಮಾತು ಕೇಳಲೂ ಯಾರೂ ಬರಲಿಲ್ಲ. ಗುರಣ್ಣ ಅವಳ ಜತೆ ಇದ್ದಾನೆ, ಆದರೆ ನಗುವುದಿಲ್ಲ. ರೇವಮ್ಮ ನನ್ನನ್ನು ಕೇಳುತ್ತಿದ್ದದ್ದು ಒಂದೇ: ‘ಹಾಕ್ತಿರಬೇಕೇನ್ರಿ ಅಕ್ಕೋರ?’ ನಾನು ಹೂಂ ಎನ್ನುತ್ತಿದ್ದೆ. ನನಗೇನು ಗೊತ್ತು?

ಕಳೆದ ಹುಣ್ಣಿಮೆಗೆ ನಾನು ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗಿದ್ದೆ. ಹೊಳೆಯ ಕಡೆಗಿನ ಮೆಟ್ಟಿಲಲ್ಲಿ ಪರಮೇಶ ಕಂಡ, ಕಂಕುಳಲ್ಲಿ ಸೃಷ್ಟಿ. ನನ್ನನ್ನು ನೋಡಿ ಮುಖ ತಿರುಗಿಸಿದ. ನಾನೂ ಮಾತಾಡಿಸಲಿಲ್ಲ. ಕೂಸು ಗಲ್ಲ ತುಂಬಿಕೊಂಡು ಚೆನ್ನಾಗಿತ್ತು. ನನ್ನ ಕೈಯ ಹೂವಿನ ಮೇಲೆ ಆಸೆ ಬಿದ್ದು ಬಾಯಿ ತುಂಬ ನಕ್ಕಿತು. ನಾನು ಹತ್ತಿರದಿಂದಲೇ ನೋಡಿದೆ.

ಬಸ್ಸಿಳಿದವಳು ಮನೆಗೂ ಹೋಗದೆ ರೇವಮ್ಮನ ಬಾಗಿಲು ತಟ್ಟಿದೆ.

‘ಸೃಷ್ಟಿನ್ನ ನೋಡಿದೆ, ರೇವಕ್ಕ.’

ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

‘ಹಲ್ಲು?’

‘ನಾಕು ಬಂದಾವ.’

‘ಅದಲ್ರಿ.’

‘ಕರ್ರಗ ಅದಾವ. ಮ್ಯಾಲಿನವು ಹೊಸಾ ಹಲ್ಲು, ಅವೂ ಕರ್ರಗ ಆಗ್ಯಾವ.’

‘ಹಂಗಾದ್ರ ಹಾಕಾಕತ್ಯಾನ’ ಅಂದಳು ರೇವಮ್ಮ. ‘ನನ್ನ ಮ್ಯಾಲ ಸಿಟ್ಟಿದ್ರೂ ಹಾಕಾಕತ್ಯಾನ.’ ಅಷ್ಟು ಹೇಳಿ ಹೊಸ್ತಿಲಲ್ಲೇ ಕುಸಿದು ಕುಳಿತು, ಮಗಳ ಹೆಸರು ಹಿಡಿದು ದೊಡ್ಡ ದನಿಯಲ್ಲಿ ಅಳತೊಡಗಿದಳು. ಮಗಳು ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.